ಹಳೆ ಸೋಡಾ ಮಷಿನ್ ಮನೆಯಲ್ಲೇ ರಿಪೇರಿ: ಬಣ್ಣದ ಡಬ್ಬ ಕೊನೆಗೆ ತೆಗೆಯಿರಿ

ನಾಣ್ಯ ಹಾಕಿದರೆ ತಂಪು ಸೋಡಾ ಬಾಟಲಿ ಕೊಡುವ ಹಳೆ ಮಷಿನ್ ಮನೆಗೆ ತಂದವರಲ್ಲಿ ಹೆಚ್ಚಿನವರು ಮೊದಲು ಹಿಡಿಯುವುದು ಸ್ಯಾಂಡ್‌ಪೇಪರ್. ತುಕ್ಕು ಕಣ್ಣಿಗೆ ಕಾಣುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ಆದರೆ ತಿಂಗಳುಗಟ್ಟಲೆ ಉಜ್ಜಿ, ಕೆಂಪು ಬಣ್ಣ ಮಿರಿಮಿರಿ ಮಿಂಚುವ ಹಾಗೆ ಹೊಡೆದು, ಕೊನೆಗೆ ಪ್ಲಗ್ ಹಾಕಿದಾಗ ತಂಪು ಹುಟ್ಟಿಸುವ ಕಂಪ್ರೆಸರ್ ಸತ್ತಿದೆ ಅಂತ ಗೊತ್ತಾದರೆ ಏನು ಮಾಡ್ತೀರಿ? ಹೊಸ ಯೂನಿಟ್ ಕೂರಿಸಲು ಮತ್ತೆ ಎಲ್ಲ ಬಿಚ್ಚಬೇಕು, ಅದೇ ಹೊಸ ಬಣ್ಣದ ಮೇಲೆ ಸ್ಪ್ಯಾನರ್ ಜಾರುತ್ತದೆ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕರೆಂಟು, ಆಮೇಲೆ ತಂಪು, ಆಮೇಲೆ ಬಾಟಲಿ ಬೀಳಿಸುವ ಭಾಗ ಮತ್ತು ನಾಣ್ಯದ ಪೆಟ್ಟಿಗೆ, ಎಲ್ಲ ಮುಗಿದ ಮೇಲೆ ತಗಡು, ಬಣ್ಣ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಹೊಡೆಯುವ ಅಗತ್ಯವೇ ಇಲ್ಲದ ಮಷಿನ್‌ಗಳು ಬೇಕಾದಷ್ಟಿವೆ. ಫ್ಯಾಕ್ಟರಿಯಲ್ಲಿ ಬೇಯಿಸಿ ಕೂರಿಸಿದ ಎನಾಮೆಲ್ ಮಾಸಿರುತ್ತದೆ ಅಷ್ಟೆ, ಸತ್ತಿರುವುದಿಲ್ಲ. ಅದನ್ನು ಕೆರೆದು ತೆಗೆದರೆ ಮತ್ತೆ ತರಲು ಆಗುವುದಿಲ್ಲ.

ಯಾವ ಮಷಿನ್ ನಿಮ್ಮದು?

ಮನೆಯಲ್ಲಿ ರಿಪೇರಿಗೆ ಸಿಗುವ ಹಳೆ ಬಾಟಲಿ ಮಷಿನ್‌ಗಳಲ್ಲಿ ಜಾಸ್ತಿ ಪಾಲು 1940ರಿಂದ 60ರ ದಶಕದವರೆಗೆ ಅಮೆರಿಕದಲ್ಲಿ ತಯಾರಾದವು. ಕಾನ್ಸಾಸ್ ಸಿಟಿಯಲ್ಲಿ 1937ರಲ್ಲಿ ಶುರುವಾದ ವೆಂಡೊ, ಟೆನೆಸ್ಸಿಯ ಚಟನೂಗದ ಕ್ಯಾವಲಿಯರ್, ಕ್ಯಾಲಿಫೋರ್ನಿಯಾದ ಫ್ರೆಸ್ನೊದ ವೆಂಡೊರ್ಲೇಟರ್, ಹೀಗೆ ಕೆಲವು ಹೆಸರು ಮತ್ತೆ ಮತ್ತೆ ಕಾಣುತ್ತವೆ. ವೆಂಡೊರ್ಲೇಟರನ್ನು 1956ರಲ್ಲಿ ವೆಂಡೊ ಕೊಂಡುಕೊಂಡಿತು. ನಿಂತಿರುವ ಮಷಿನ್ ಒಂದು ಬಗೆ. ಮುಚ್ಚಳ ಎತ್ತಿ, ಹಳಿಯಲ್ಲಿ ನೇತಾಡುವ ಬಾಟಲಿಯನ್ನು ಸರಿಸಿಕೊಂಡು ಬಂದು ಗೇಟಿನಿಂದ ಎಳೆದು ತೆಗೆಯುವ ಪೆಟ್ಟಿಗೆ ಮಷಿನ್ ಇನ್ನೊಂದು ಬಗೆ. ಮೊದಲ ಸಲ ಕೈ ಹಾಕುತ್ತಿರುವವರಿಗೆ ಪೆಟ್ಟಿಗೆ ಮಷಿನ್ ಒಳ್ಳೆಯದು. ಅದರಲ್ಲಿ ಅಲ್ಲಾಡುವ ಭಾಗ ಕಮ್ಮಿ, ಕೆಡುವುದೂ ಕಮ್ಮಿ.

ಒಳಗೆ ಅಥವಾ ಹಿಂದೆ ಒಂದು ಲೋಹದ ಪಟ್ಟಿ ಇರುತ್ತದೆ. ಅದನ್ನು ಒರೆಸಿ ಓದಿ, ಫೋಟೊ ತೆಗೆಯಿರಿ. ಮಾಡೆಲ್, ಸೀರಿಯಲ್ ನಂಬರ್, ವೋಲ್ಟ್, ಆಂಪಿಯರ್, ತಂಪಿಗೆ ಯಾವ ಗ್ಯಾಸು, ಎಷ್ಟು ಗ್ಯಾಸು, ಎಲ್ಲ ಅಲ್ಲೇ ಬರೆದಿರುತ್ತದೆ. ವೆಂಡೊ 81ರಂಥ ಜನಪ್ರಿಯ ಮಾಡೆಲ್ ಆಗಿದ್ದರೆ ನಿಮ್ಮ ಅದೃಷ್ಟ. ಗ್ಯಾಸ್ಕೆಟ್ (ಬಾಗಿಲಂಚಿನ ರಬ್ಬರ್ ಪಟ್ಟಿ), ಬೀಗ, ಸ್ಟಿಕ್ಕರ್, ಹಿಡಿಕೆ ಎಲ್ಲ ಹೊಸದಾಗಿ ಮಾಡಿ ಮಾರುವವರು ಇದ್ದಾರೆ. ಹೆಸರೇ ಕೇಳಿರದ ಮಾಡೆಲ್ ಆದರೆ ಒಂದು ಸಣ್ಣ ಸ್ಪ್ರಿಂಗ್‌ಗೂ ನೀವೇ ದಾರಿ ಹುಡುಕಬೇಕು. ಕೊಳ್ಳುವ ಮುಂಚೆ ಬಾಗಿಲು ತೆಗೆಸಿ ನೋಡಿ, ಒಳಗಿನ ಯಂತ್ರ ಪೂರ್ತಿ ಇದೆಯಾ ಅಂತ. ಹೊರಗೆ ಹೊಳೆಯುವ, ಒಳಗೆ ಖಾಲಿ ಇರುವ ಮಷಿನ್‌ಗಿಂತ ತುಕ್ಕು ಹಿಡಿದ, ಒಳಗೆ ಎಲ್ಲ ಇರುವ ಮಷಿನ್ ಎಷ್ಟೋ ವಾಸಿ.

ಕೀ ಇಲ್ಲ ಅಂತಾದರೆ ಸಬ್ಬಲ್ ಹಾಕಿ ಬಾಗಿಲು ಮೀಟಬೇಡಿ, ದಯವಿಟ್ಟು. ಬಾಗಿಲಿನ ಅಂಚು ಒಮ್ಮೆ ಮಡಚಿದರೆ ಅದನ್ನು ನೇರ ಮಾಡುವುದು ಬೀಗ ಬದಲಾಯಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ. ಬೀಗದವರನ್ನು ಕರೆಸಿ, ಇಲ್ಲವೇ ಬೀಗದ ನಡು ಮಾತ್ರ ಡ್ರಿಲ್ ಮಾಡಿ ತೆಗೆಯಿರಿ. ಬೀಗ ಸಿಗುತ್ತದೆ, ಬಾಗಿಲು ಸಿಗುವುದಿಲ್ಲ.

ತರುವಾಗ ಮಷಿನ್ ನಿಂತೇ ಇರಲಿ. ಭಾರ ನೂರು ಕಿಲೋ ದಾಟುತ್ತದೆ, ಮೇಲ್ಭಾಗದಲ್ಲೇ ಭಾರ ಜಾಸ್ತಿ ಇರುವ ಮಾಡೆಲ್‌ಗಳೂ ಇವೆ. ಟ್ರಾಲಿಗೆ ಬೆಲ್ಟ್ ಬಿಗಿದು ಇಬ್ಬರು ಮೂವರು ಸೇರಿ ಸಾಗಿಸಿ. ದಾರಿ ಇಲ್ಲದೆ ಮಲಗಿಸಿ ತಂದಿದ್ದರೆ, ನಿಲ್ಲಿಸಿ ಒಂದು ದಿನ ಹಾಗೇ ಬಿಡಿ. ಕಂಪ್ರೆಸರ್ ಎಣ್ಣೆ ಪೈಪಿಗೆ ಹರಿದು ಹೋಗಿರುತ್ತದೆ, ಅದು ವಾಪಸ್ ಇಳಿಯಬೇಕು.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾತು. ಹೊರಗಿನಿಂದ ಮಾತ್ರ ತೆರೆಯುವ ಹಳೆ ತಂಪು ಪೆಟ್ಟಿಗೆಯೊಳಗೆ ಮಕ್ಕಳು ಸಿಕ್ಕಿಬಿದ್ದು ಸತ್ತ ಘಟನೆಗಳ ಕಾರಣದಿಂದಲೇ ಅಮೆರಿಕದಲ್ಲಿ 1956ರಲ್ಲಿ ರೆಫ್ರಿಜರೇಟರ್ ಸುರಕ್ಷತೆಗೆ ಕಾನೂನು ಬಂತು. ಮನೆಯ ಫ್ರಿಜ್ ಬಾಗಿಲು ಒಳಗಿನಿಂದಲೂ ತೆರೆಯುವಂತಿರಬೇಕು ಅಂತ ಆ ಕಾನೂನು ಹೇಳಿತು. ನಿಮ್ಮ ಮಷಿನ್‌ಗೆ ಅಂಥ ಅನುಕೂಲ ಇಲ್ಲ. ಕೆಲಸ ಮುಗಿಯುವವರೆಗೆ ಬೀಗದ ನಾಲಿಗೆ ಬಿಚ್ಚಿಡಿ.

ಬಿಚ್ಚುವಾಗ

ಒಂದು ಸ್ಕ್ರೂ ತೆಗೆಯುವ ಮುಂಚೆ ಒಂದು ಫೋಟೊ, ತೆಗೆದ ಮೇಲೆ ಇನ್ನೊಂದು. ಜಾಸ್ತಿ ಆಯ್ತು ಅನ್ನಿಸಬಹುದು. ಆದರೆ ಬಾಟಲಿ ಬಿಡುವ ಯಂತ್ರದಲ್ಲಿ ಒಂದೇ ಥರ ಕಾಣುವ ಸ್ಪ್ರಿಂಗ್‌ಗಳು ನಾಲ್ಕಾರು ಇರುತ್ತವೆ, ಯಾವುದು ಯಾವ ತೂತಿಗೆ ಸಿಕ್ಕಿಸಿತ್ತು ಅಂತ ಮೂರು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಭಾಗದ ಸ್ಕ್ರೂ ಬೇರೆ ಬೇರೆ ಜಿಪ್ ಕವರ್‌ಗೆ ಹಾಕಿ, ಮೇಲೆ ಹೆಸರು ಬರೆಯಿರಿ. ತುಕ್ಕು ಹಿಡಿದ ಸ್ಕ್ರೂಗೆ ಪೆನೆಟ್ರೇಟಿಂಗ್ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಬಲ ಹಾಕಿದರೆ ತಲೆ ಮುರಿಯುತ್ತದೆ.

ಕರೆಂಟು

ಹಳೆ ಮಷಿನ್ ತಂದ ದಿನವೇ ಪ್ಲಗ್‌ಗೆ ಹಾಕಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ಆ ಕಾಲದ ವೈರ್ ಮೇಲೆ ರಬ್ಬರ್, ಅದರ ಮೇಲೆ ಬಟ್ಟೆ ಸುತ್ತಿರುತ್ತದೆ. ಒಂದು ತುದಿಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ರಬ್ಬರ್ ಒಣಗಿದ ಮಣ್ಣಿನ ಹಾಗೆ ಉದುರಿ ತಾಮ್ರ ಬರಿದಾಗುತ್ತದೆ. ಆ ತಾಮ್ರ ತಗಡಿಗೆ ತಾಗಿದರೆ ಇಡೀ ಮಷಿನ್ ಶಾಕ್ ಹೊಡೆಯುತ್ತದೆ, ಏಕೆಂದರೆ ಈ ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ಅರ್ತಿಂಗೇ ಇಲ್ಲ. ಎರಡು ಪಿನ್ನಿನ ಪ್ಲಗ್ ಮಾತ್ರ.

ಆದ್ದರಿಂದ ಮೊದಲ ಕೆಲಸ ಹೊಸ ಮೂರು ವೈರಿನ ಕೇಬಲ್ ಹಾಕುವುದು. ಅರ್ತ್ ವೈರನ್ನು ಬಣ್ಣ ಕೆರೆದ ಬರಿ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ, ಬಣ್ಣದ ಮೇಲೆ ಬಿಗಿದರೆ ಸಂಪರ್ಕ ಸಿಗುವುದಿಲ್ಲ. ಬಾಗಿಲಿಗೂ ಬಾಡಿಗೂ ಮಧ್ಯೆ ಬೇರೆಯಾಗಿ ಒಂದು ಅರ್ತ್ ವೈರ್ ಎಳೆಯಿರಿ, ಹಿಂಜು ನಂಬಬೇಡಿ. ಒಳಗಿನ ವೈರಿಂಗ್ ಒಂದು ಕಡೆ ಉದುರುತ್ತಿದ್ದರೆ ಎಲ್ಲ ಕಡೆ ಉದುರುತ್ತಿದೆ ಅಂತಲೇ ತಿಳಿಯಿರಿ, ಪೂರ್ತಿ ಬದಲಾಯಿಸಿ. ಪ್ಲಗ್ ಹಾಕುವ ಸಾಕೆಟ್‌ಗೆ ಲೀಕೇಜ್ ಆದ ಕೂಡಲೇ ಟ್ರಿಪ್ ಆಗುವ ಬ್ರೇಕರ್ ಇರಲಿ.

ಈ ಮಷಿನ್‌ಗಳು 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದವು. 230 ವೋಲ್ಟ್ ಇರುವ ಕಡೆ ನೇರ ಚುಚ್ಚಿದರೆ ಒಂದು ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕಂಪ್ರೆಸರ್ ಸ್ಟಾರ್ಟ್ ಆಗುವಾಗ ಓಡುವ ಕರೆಂಟಿಗಿಂತ ಹಲವು ಪಟ್ಟು ಎಳೆಯುತ್ತದೆ, ಹಾಗಾಗಿ ಟ್ರಾನ್ಸ್‌ಫಾರ್ಮರ್ ದೊಡ್ಡದೇ ಇರಲಿ. ಆದರೆ ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಾಯಿಸುವುದಿಲ್ಲ. 60ರ ಮೋಟರ್ 50ರಲ್ಲಿ ನಿಧಾನ ಓಡುತ್ತದೆ, ಜಾಸ್ತಿ ಬಿಸಿಯಾಗುತ್ತದೆ. 50 ಹರ್ಟ್ಸ್ ಇರುವ ಕಡೆ ವಾಸಿಸುವವರು ಹಳೆ ಕಂಪ್ರೆಸರ್ ಮೇಲೆ ಆಸೆ ಬಿಟ್ಟು ಅಲ್ಲಿನ ಕರೆಂಟಿಗೇ ಮಾಡಿದ ಹೊಸ ಯೂನಿಟ್ ಹಾಕಿಸುವುದು ಜಾಣತನ ಅಂತ ನನ್ನ ಅಭಿಪ್ರಾಯ.

ಟ್ಯೂಬ್‌ಲೈಟ್ ಇರುವ ಮಷಿನ್ ಆದರೆ ಚೋಕನ್ನು ಗಮನಿಸಿ. 1979ಕ್ಕಿಂತ ಹಿಂದಿನ ಚೋಕ್‌ಗಳಲ್ಲಿ ಪಿಸಿಬಿ ಅನ್ನುವ ವಿಷದ ಎಣ್ಣೆ ಇರಬಹುದು. ಅಂಟು ಅಂಟಾಗಿ ಸೋರುತ್ತಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಅದರ ಜಾಗಕ್ಕೆ ಎಲ್‌ಇಡಿ ಟ್ಯೂಬ್ ಸಾಕು. ಬೆಚ್ಚಗಿನ ಬಿಳಿ ಬಣ್ಣದ್ದು ತೆಗೆದುಕೊಂಡರೆ ಹಳೆ ಕಳೆ ಉಳಿಯುತ್ತದೆ.

ತಂಪು ಬರುತ್ತದೆಯಾ?

ಇಡೀ ಕೆಲಸದಲ್ಲಿ ನಿರ್ಧಾರ ಆಗುವ ಜಾಗ ಇದು. ಸಮಯ ಕೊಡಿ.

ಪ್ಲಗ್ ತೆಗೆದಿಟ್ಟು, ಕೆಪಾಸಿಟರ್ ಇದ್ದರೆ ಅದನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಕಂಪ್ರೆಸರ್ ಮೇಲಿನ ಮುಚ್ಚಳ ಬಿಚ್ಚಿ. ಮೂರು ಪಿನ್ ಕಾಣುತ್ತವೆ: ಕಾಮನ್, ಸ್ಟಾರ್ಟ್, ರನ್. ವೈರ್ ಕಳಚಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡು ಪಿನ್ ಮಧ್ಯೆ ಅಳೆಯಿರಿ. ಮೂರು ಅಂಕಿ ಬರುತ್ತವೆ. ಸ್ಟಾರ್ಟ್‌ನಿಂದ ರನ್‌ಗೆ ಬರುವ ಅಂಕಿ ಎಲ್ಲಕ್ಕಿಂತ ದೊಡ್ಡದಿರಬೇಕು, ಅದು ಉಳಿದೆರಡರ ಮೊತ್ತಕ್ಕೆ ಸರಿಹೊಂದಬೇಕು. ಕಾಮನ್‌ನಿಂದ ಸ್ಟಾರ್ಟ್‌ಗೆ 6, ಕಾಮನ್‌ನಿಂದ ರನ್‌ಗೆ 2 ಓಮ್ ಬಂದರೆ ಸ್ಟಾರ್ಟ್‌ನಿಂದ ರನ್‌ಗೆ 8 ಬರಬೇಕು, ಹೀಗೆ. ಆಮೇಲೆ ಪ್ರತಿ ಪಿನ್‌ನಿಂದ ಕಂಪ್ರೆಸರ್ ಮೈಗೆ ಅಳೆಯಿರಿ, ಬಣ್ಣ ಕೆರೆದ ಜಾಗಕ್ಕೆ. ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಸುರುಳಿ ಸುಟ್ಟು ಮೈಗೆ ತಾಗಿದೆ, ಆ ಕಂಪ್ರೆಸರ್ ಕತೆ ಮುಗಿಯಿತು.

ಅಂಕಿ ಸರಿ ಇದ್ದರೆ, ಹೊಸ ಕೇಬಲ್ ಹಾಕಿ ಪ್ಲಗ್ ಕೊಟ್ಟು ಹತ್ತಿರವೇ ನಿಂತಿರಿ. ಒಂದೆರಡು ಸೆಕೆಂಡ್ ಗುಂಯ್ ಅಂದು ಕ್ಲಿಕ್ ಆಗಿ ನಿಂತರೆ, ಮತ್ತೆ ಸ್ವಲ್ಪ ಹೊತ್ತಿಗೆ ಅದೇ ಆಟ ಆಡಿದರೆ, ಕಂಪ್ರೆಸರ್‌ಗಿಂತ ಮುಂಚೆ ಸ್ಟಾರ್ಟ್ ರಿಲೇ ಮತ್ತು ಕೆಪಾಸಿಟರ್ ಮೇಲೆ ಅನುಮಾನ ಪಡಿ. ಅವು ಸುಲಭವಾಗಿ ಸಿಗುವ ಸಣ್ಣ ಭಾಗಗಳು. ಓಡಿತು ಅಂದರೆ, ಒಳಗಿನ ಶಾಖ ಹೊರಹಾಕುವ ಕಂಡೆನ್ಸರ್ ಬಿಸಿಯಾಗುತ್ತಿದೆಯಾ ಮುಟ್ಟಿ ನೋಡಿ. ಅರ್ಧ ಗಂಟೆಯೊಳಗೆ ಒಳಗಿನ ಕಾಯಿಲ್ ಮೇಲೆ ಒಂದೇ ಸಮನೆ ಮಂಜು ಹಿಡಿಯುವ ಲಕ್ಷಣ ಕಾಣಬೇಕು. ಒಂದು ತುದಿಯಲ್ಲಿ ಮಾತ್ರ ಮಂಜು, ಉಳಿದದ್ದು ಒಣ ಅಂದರೆ ಗ್ಯಾಸ್ ಕಮ್ಮಿ ಇರಬಹುದು, ಇಲ್ಲ ಒಳಗಿನ ಸಣ್ಣ ಕೊಳವೆ ಕಟ್ಟಿಕೊಂಡಿರಬಹುದು. ಕಂಡೆನ್ಸರ್ ರೆಕ್ಕೆಗಳಲ್ಲಿ ದಶಕಗಳ ಧೂಳು ಕಂಬಳಿ ಥರ ಕೂತಿರುತ್ತದೆ. ಬ್ರಷ್, ವ್ಯಾಕ್ಯೂಮ್ ಹಾಕಿ ತೆಗೆಯಿರಿ. ಎಷ್ಟೋ ಮಷಿನ್ ಇಷ್ಟಕ್ಕೇ ತಂಪು ಕೊಡಲು ಶುರು ಮಾಡುತ್ತವೆ.

ತಂಪು ಬರುತ್ತಿದೆಯಾ? ಹಾಗಾದರೆ ಆ ಪೈಪಿಗೆ ಕೈ ಹಚ್ಚಬೇಡಿ. ಗ್ಯಾಸ್ ಎಷ್ಟಿದೆ ಅಂತ ನೋಡಲು ಒತ್ತಡ ಅಳೆಯುವ ಗೇಜ್ ಸಿಕ್ಕಿಸುವ ಆಸೆಯೂ ಬೇಡ. ಈ ಯೂನಿಟ್‌ಗಳು ಪೂರ್ತಿ ಮುಚ್ಚಿದವು, ಇವುಗಳಲ್ಲಿ ಇರುವ ಗ್ಯಾಸು ತೀರಾ ಕಮ್ಮಿ, ಮತ್ತು ಪೈಪಿಗೆ ಚುಚ್ಚಿ ಕೂರಿಸುವ ವಾಲ್ವ್‌ಗಳು ಮುಂದೆ ಸೋರುವುದರಲ್ಲಿ ಹೆಸರುವಾಸಿ. ಸುಮ್ನೆ ಬಿಟ್ಟರೆ ಇನ್ನೂ ಎಷ್ಟೋ ವರ್ಷ ಓಡುತ್ತದೆ.

ಬರುತ್ತಿಲ್ಲ ಅಂದರೆ ಗ್ಯಾಸಿನ ಹೆಸರು ನೋಡಿ. ಸಾಮಾನ್ಯವಾಗಿ ಆರ್-12 ಇರುತ್ತದೆ. ಓಝೋನ್ ಪದರವನ್ನು ತಿನ್ನುವ ಗ್ಯಾಸ್ ಇದು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಮುಂದುವರಿದ ದೇಶಗಳಲ್ಲಿ 1995ರ ಕೊನೆಗೆ ತಯಾರಿಕೆ ನಿಂತಿತು. ಅಮೆರಿಕದಲ್ಲಿ ಇದನ್ನು ಗಾಳಿಗೆ ಬಿಡುವುದು 1992ರಿಂದ ಅಪರಾಧ, ಸರ್ಟಿಫಿಕೇಟ್ ಇರುವವರು ಮಾತ್ರ ಕೈ ಹಾಕಬೇಕು. ಇನ್ನೂ ಹಳೆ ಪೆಟ್ಟಿಗೆಗಳಲ್ಲಿ ಸಲ್ಫರ್ ಡೈಆಕ್ಸೈಡ್ ಅಥವಾ ಮಿಥೈಲ್ ಕ್ಲೋರೈಡ್ ಇರಬಹುದು, ಎರಡೂ ವಿಷ. ಅಂಥ ಹೆಸರು ಪಟ್ಟಿಯಲ್ಲಿ ಕಂಡರೆ ಪೈಪ್ ಕತ್ತರಿಸುವ ಮಾತೇ ಬೇಡ, ತಿಳಿದವರಿಂದಲೇ ತೆಗೆಸಿ.

ಮುಂದೆ ಎರಡು ದಾರಿ. ಹಳೆ ಯೂನಿಟ್ಟನ್ನೇ ಆರ್-134ಎ ಅನ್ನುವ ಬೇರೆ ಗ್ಯಾಸಿಗೆ ಬದಲಾಯಿಸಬಹುದು, ಆದರೆ ಹಳೆ ಖನಿಜ ಎಣ್ಣೆ ಅದರ ಜೊತೆ ಬೆರೆಯುವುದಿಲ್ಲ, ಎಣ್ಣೆಯೂ ಬದಲಾಗಬೇಕು, ಪೈಪಿನೊಳಗಿನ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರ್ ಹೊಸದು ಬೇಕು. ಇಷ್ಟೆಲ್ಲ ಮಾಡಿಸುವ ಬದಲು ಸಣ್ಣ ಹೊಸ ಕಂಪ್ರೆಸರ್, ಕಂಡೆನ್ಸರ್ ಸೇರಿದ ಯೂನಿಟ್ಟನ್ನು ಹಳೆಯದರ ಜಾಗದಲ್ಲಿ ಕೂರಿಸುವುದು ಸಲೀಸು. ಕರೆಂಟೂ ಕಮ್ಮಿ ತಿನ್ನುತ್ತದೆ, ಸದ್ದೂ ಕಮ್ಮಿ. ಹಳೆಯದನ್ನು ಎಸೆಯಬೇಡಿ, ಕಟ್ಟಿಡಿ. ಮುಂದೆ ಯಾರಾದರೂ ಎಲ್ಲ ಮೂಲ ಭಾಗಗಳೊಂದಿಗೆ ಬೇಕು ಅಂತ ಕೇಳಬಹುದು. ಸುಲಭಕ್ಕೆ ಸಿಗುತ್ತದೆ ಅಂತ ಪ್ರೊಪೇನ್ ಥರದ ಹೊತ್ತಿಕೊಳ್ಳುವ ಗ್ಯಾಸ್ ತುಂಬಿಸುವವರೂ ಇದ್ದಾರೆ. ಈ ಮಷಿನ್‌ನ ರಿಲೇ, ಥರ್ಮೋಸ್ಟ್ಯಾಟ್ ಎಲ್ಲ ಕಿಡಿ ಹಾರಿಸುವಂಥವು. ಬೇಡ.

ಬಾಟಲಿ ಬಿಡುವ ಯಂತ್ರ

ಇಲ್ಲಿ ಕೆಲಸಕ್ಕಿಂತ ಸಮಾಧಾನ ಜಾಸ್ತಿ ಬೇಕು. ಐವತ್ತು ಅರವತ್ತು ವರ್ಷದ ಗ್ರೀಸ್ ಒಣಗಿ ಕಂದು ಮೇಣದ ಥರ ಆಗಿರುತ್ತದೆ, ಅದಕ್ಕೆ ಚೆಲ್ಲಿದ ಸೋಡಾದ ಸಕ್ಕರೆ ಬೇರೆ ಅಂಟಿರುತ್ತದೆ. ಸಕ್ಕರೆ ಬಿಸಿನೀರಿಗೆ ಬಿಡುತ್ತದೆ, ಗ್ರೀಸಿಗೆ ಮಿನರಲ್ ಸ್ಪಿರಿಟ್ ಬೇಕು. ಹಳೆ ಟೂತ್‌ಬ್ರಷ್ ಹಿಡಿದು ಎರಡೂ ಸಲ ತೊಳೆಯಿರಿ, ಚೆನ್ನಾಗಿ ಒಣಗಿಸಿ.

ಆಮೇಲೆ ತಿರುಗುವ ಜಾಗಗಳಿಗೆ ಮಾತ್ರ, ಬೆರಳ ತುದಿಯಲ್ಲಿ ಬರುವಷ್ಟು, ತಂಪಿಗೆ ಗಟ್ಟಿಯಾಗದ ಆಹಾರ ದರ್ಜೆಯ ಗ್ರೀಸ್ ಹಚ್ಚಿ. ಗ್ಯಾರೇಜಿನ ದಪ್ಪ ಗ್ರೀಸ್ ಹಾಕಿದರೆ ಒಂದು ವಿಚಿತ್ರ ತೊಂದರೆ ಬರುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಯಂತ್ರ ಬೆಣ್ಣೆಯಂತೆ ತಿರುಗುತ್ತದೆ, ಮಷಿನ್ ತಂಪಾದ ಮೇಲೆ ಅರ್ಧಕ್ಕೆ ನಿಲ್ಲುತ್ತದೆ. ಬೆಚ್ಚಗೆ ಒಮ್ಮೆ ಪರೀಕ್ಷಿಸಿದರೆ ಸಾಲದು, ರಾತ್ರಿಯಿಡೀ ತಂಪಾಗಿಸಿ ಬೆಳಿಗ್ಗೆ ಮತ್ತೆ ತಿರುಗಿಸಿ ನೋಡಲೇಬೇಕು.

ಬಾಟಲಿ ಅಳತೆಯನ್ನೂ ಈಗಲೇ ನೋಡಿಕೊಳ್ಳಿ. 50ರ ದಶಕದ ಬಹಳಷ್ಟು ಕೋಕ್ ಮಷಿನ್‌ಗಳು ಆರೂವರೆ ಔನ್ಸಿನ, ಅಂದರೆ ಸುಮಾರು 192 ಮಿಲಿ ಲೀಟರಿನ ಗಾಜಿನ ಬಾಟಲಿಗೆ ಮಾಡಿದವು. ಈಗ ಸಿಗುವ 237 ಅಥವಾ 355 ಮಿಲಿ ಲೀಟರಿನ ಗಾಜಿನ ಬಾಟಲಿ ಕೆಲವು ಮಾಡೆಲ್‌ನಲ್ಲಿ ಕೂರುತ್ತದೆ, ಕೆಲವದರಲ್ಲಿ ಉದ್ದ ಹೆಚ್ಚಾಗಿ ಬಾಗಿಲಿಗೆ ತಾಗುತ್ತದೆ. ಸಣ್ಣ ಬಾಟಲಿ ದೊಡ್ಡ ಗೂಡಿನಲ್ಲಿ ಎರಡೆರಡು ಒಟ್ಟಿಗೆ ಬಿದ್ದರೆ ಗೂಡಿನ ಪಕ್ಕಕ್ಕೆ ತೆಳು ಪಟ್ಟಿ ಕಟ್ಟಿ ಜಾಗ ಕಿರಿದು ಮಾಡಬಹುದು. ಪ್ಲಾಸ್ಟಿಕ್ ಬಾಟಲಿ, ಟಿನ್ ಕ್ಯಾನ್ ಬಗ್ಗೆ ಕೇಳಲೇಬೇಡಿ, ಅದಕ್ಕೆ ಈ ಮಷಿನ್ ಆಗುವುದಿಲ್ಲ.

ನಾಣ್ಯದ ಪೆಟ್ಟಿಗೆ

ನನಗೆ ಇಡೀ ಮಷಿನ್‌ನಲ್ಲಿ ಅತಿ ಇಷ್ಟದ ಭಾಗ ಇದು. ಕರೆಂಟಿಲ್ಲ, ಚಿಪ್ ಇಲ್ಲ, ಬರಿ ಲೋಹ ಮತ್ತು ಗುರುತ್ವಾಕರ್ಷಣೆ. ನಾಣ್ಯ ಬಿದ್ದ ಕೂಡಲೇ ಅದರ ಅಗಲ ಅಳೆಯುವ ಕಿಂಡಿ ಇದೆ, ತೂಕ ನೋಡುವ ಪುಟ್ಟ ತೂಗು ತೊಟ್ಟಿಲು ಇದೆ. ಕಬ್ಬಿಣದ ಬಿಲ್ಲೆ ಹಾಕಿದರೆ ಅಯಸ್ಕಾಂತ ಹಿಡಿದುಕೊಳ್ಳುತ್ತದೆ. ಅಯಸ್ಕಾಂತಕ್ಕೆ ಅಂಟದ ಲೋಹವೂ ಅದರ ಮುಂದೆ ಹಾದುಹೋಗುವಾಗ ಒಳಗೆ ಹುಟ್ಟುವ ಸುಳಿ ವಿದ್ಯುತ್ತಿನಿಂದ ನಿಧಾನವಾಗುತ್ತದೆ, ಎಷ್ಟು ನಿಧಾನ ಅನ್ನುವುದು ಲೋಹದ ಮೇಲೆ ಹೋಗುತ್ತದೆ. ಜಾಸ್ತಿ ವೇಗದಲ್ಲಿ ಬಂದದ್ದು ಒಂದು ಕಡೆ ಹಾರುತ್ತದೆ, ಕಮ್ಮಿ ವೇಗದ್ದು ಇನ್ನೊಂದು ಕಡೆ ಬೀಳುತ್ತದೆ, ಸರಿಯಾದ ನಾಣ್ಯ ಮಾತ್ರ ಮಧ್ಯದ ದಾರಿ ಹಿಡಿಯುತ್ತದೆ. 1965ರಲ್ಲಿ ಅಮೆರಿಕ ಬೆಳ್ಳಿ ನಾಣ್ಯ ಬಿಟ್ಟು ತಾಮ್ರದ ತಿರುಳಿನ ಪದರದ ನಾಣ್ಯ ತಂದಾಗ, ಈ ಮಷಿನ್‌ಗಳು ಅದನ್ನು ಬೆಳ್ಳಿ ಅಂತಲೇ ಒಪ್ಪಬೇಕು ಅನ್ನುವುದೂ ಆ ಲೋಹ ಆರಿಸಲು ಒಂದು ಕಾರಣವಾಗಿತ್ತು.

ಕೋಕ್ ಬೆಲೆ 1886ರಿಂದ 1959ರವರೆಗೆ ಐದು ಸೆಂಟಿನಲ್ಲೇ ನಿಂತದ್ದರಲ್ಲೂ ಈ ಪೆಟ್ಟಿಗೆಯ ಪಾತ್ರ ಇದೆ. ಮಷಿನ್‌ಗಳು ಐದು ಸೆಂಟಿನ ಒಂದೇ ನಿಕಲ್ ನಾಣ್ಯ ತೆಗೆದುಕೊಳ್ಳುತ್ತಿದ್ದವು, ಬೆಲೆ ಏರಿಸಬೇಕೆಂದರೆ ಒಮ್ಮೆಗೇ ದುಪ್ಪಟ್ಟು ಮಾಡಿ ಹತ್ತು ಸೆಂಟಿನ ಡೈಮ್ ನಾಣ್ಯ ಕೇಳಬೇಕಿತ್ತು. ಕಂಪನಿಯ ಮುಖ್ಯಸ್ಥ ರಾಬರ್ಟ್ ವುಡ್ರಫ್ 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಏಳೂವರೆ ಸೆಂಟಿನ ನಾಣ್ಯ ಹೊರಡಿಸಿ ಅಂತ ಬರೆದದ್ದೂ ಇದೇ ಕಾರಣಕ್ಕೆ. ನಿಮ್ಮ ಮಷಿನ್ ಮೇಲೆ 5 ಅಂತ ಬರೆದಿದ್ದು, ಒಳಗಿನ ಪೆಟ್ಟಿಗೆ 10 ಸೆಂಟಿನದು ಆಗಿದ್ದರೆ ಆಶ್ಚರ್ಯ ಪಡಬೇಡಿ. ಆಮೇಲೆ ಬದಲಾಯಿಸಿರುತ್ತಾರೆ.

ಈ ಪೆಟ್ಟಿಗೆಗೆ ಎಣ್ಣೆ ಹಾಕಬೇಡಿ. ಒಂದು ಹನಿಯೂ ಬೇಡ. ಎಣ್ಣೆಗೆ ಧೂಳು ಹಿಡಿದು ನಾಣ್ಯದ ವೇಗ ಬದಲಾದರೆ ಸರಿಯಾದ ನಾಣ್ಯವನ್ನೂ ವಾಪಸ್ ಉಗುಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆ ಬ್ರಷ್ ಸಾಕು. ಅಯಸ್ಕಾಂತದ ಮೇಲೆ ಕಬ್ಬಿಣದ ಪುಡಿ ಗಡ್ಡದ ಥರ ಬೆಳೆದಿರುತ್ತದೆ, ಅದನ್ನು ಟೇಪಿನಿಂದ ಒತ್ತಿ ಎತ್ತಿ. ತೊಟ್ಟಿಲು ಊದಿದರೆ ಅಲ್ಲಾಡುವಷ್ಟು ಸಲೀಸಾಗಿರಬೇಕು. ಸ್ಕ್ರೂ ತಿರುಗಿಸಿ ಹೊಂದಿಸುವ ಮುಂಚೆ ಮಷಿನ್ ನೇರ ನಿಂತಿದೆಯಾ, ಲೆವೆಲ್ ಇಟ್ಟು ನೋಡಿ. ನಾಣ್ಯ ಉಗುಳುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಪೆಟ್ಟಿಗೆಯದಲ್ಲ, ವಾಲಿದ ನೆಲದ್ದು. ನಿಮ್ಮ ಹತ್ತಿರ ಅಮೆರಿಕದ ನಾಣ್ಯ ಇಲ್ಲದಿದ್ದರೆ ಬೇರೆ ದೇಶದ ನಾಣ್ಯಕ್ಕೆ ಹೊಂದಿಸಲು ಹೆಣಗಬೇಡಿ, ಒಂದು ಹಿಡಿ ನಿಕಲ್ ತರಿಸಿಕೊಳ್ಳಿ. 21.21 ಮಿಲಿ ಮೀಟರ್ ಅಗಲ, 5 ಗ್ರಾಂ ತೂಕ, ಅಷ್ಟು ವರ್ಷದಿಂದ ಅದೇ ಅಳತೆ.

ತಗಡು, ತುಕ್ಕು

ಮೊದಲು ತೊಳೆಯಿರಿ. ಸೌಮ್ಯ ಸೋಪು, ಉಗುರು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಆಮೇಲೆ ಕಣ್ಣಿಗೆ ಬೀಳದ ಮೂಲೆಯಲ್ಲಿ, ಬಾಗಿಲ ಹಿಂಜಿನ ಕೆಳಗೆ ಒಂದು ಅಂಗೈ ಅಗಲ ಜಾಗದಲ್ಲಿ, ಕಾರಿಗೆ ಹಚ್ಚುವ ಪಾಲಿಶಿಂಗ್ ಕಾಂಪೌಂಡ್ ಹಾಕಿ ಉಜ್ಜಿ. ಬಟ್ಟೆ ಕೆಂಪಾಗುತ್ತದೆ, ಗಾಬರಿ ಬೇಡ, ಮೇಲಿನ ಸತ್ತ ಪದರ ಬರುತ್ತಿದೆ ಅಷ್ಟೆ. ಕೆಳಗಿಂದ ಹೊಳೆಯುವ ಕೆಂಪು ಬಂದರೆ ನಿಮ್ಮ ಮಷಿನ್‌ಗೆ ಹೊಸ ಬಣ್ಣ ಬೇಡ. ಪೂರ್ತಿ ಹೀಗೇ ಮಾಡಿ ಮೇಣ ಹಚ್ಚಿ. ಬೂದು ಅಥವಾ ತಗಡು ಕಂಡರೆ ಕೂಡಲೇ ನಿಲ್ಲಿಸಿ. ಬಿಳಿ ಅಕ್ಷರಗಳ ಹತ್ತಿರ ಹೋಗುವಾಗ ಮಾತ್ರ ಬೇರೆ ಬಟ್ಟೆ ತೆಗೆದುಕೊಳ್ಳಿ. ಕೆಂಪು ಹಿಡಿದ ಅದೇ ಬಟ್ಟೆ ಅಕ್ಷರದ ಮೇಲೆ ಓಡಿಸಿದರೆ ಬಿಳಿ ಗುಲಾಬಿಯಾಗುತ್ತದೆ, ಅದನ್ನು ಬಿಡಿಸುವುದು ತಲೆನೋವು.

ಬಣ್ಣ ನಿಜಕ್ಕೂ ಹೋಗಿದೆ ಅಂದರೆ ಮಾತ್ರ ಮುಂದೆ ಓದಿ. ಆ ಕಾಲದ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ನಿಷೇಧ ಆದದ್ದೇ 1978ರಲ್ಲಿ. ಟೆಸ್ಟ್ ಕಿಟ್‌ನಲ್ಲಿ ನೋಡಿ. ಒಣಗಿರುವಾಗ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಪಿ100 ದರ್ಜೆಯ ಮಾಸ್ಕ್ ಹಾಕಿ, ಆ ಬಟ್ಟೆಯಲ್ಲಿ ಮನೆಯೊಳಗೆ ಓಡಾಡಬೇಡಿ. ಬಣ್ಣ ಕರಗಿಸುವ ಸ್ಟ್ರಿಪ್ಪರ್ ತರುವಾಗ ಮಿಥಿಲೀನ್ ಕ್ಲೋರೈಡ್ ಇಲ್ಲದ್ದು ತನ್ನಿ. ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ಕುಡಿದು ಜನ ಸತ್ತಿದ್ದಾರೆ.

ಮರಳು ಹೊಡೆಸಿ ಬಣ್ಣ ತೆಗೆಸೋಣ ಅಂತ ಹೊರಟಿದ್ದರೆ, ಅಗಲವಾದ ಬಾಗಿಲಿಗೂ ಪಕ್ಕದ ತಗಡಿಗೂ ಬೇಡ. ಚಪ್ಪಟೆ ತಗಡು ಹಪ್ಪಳದಂತೆ ಏಳುತ್ತದೆ, ಮತ್ತೆ ಕೂರುವುದಿಲ್ಲ. ದಪ್ಪ ಬ್ರಾಕೆಟ್, ಕಾಲು, ಚೌಕಟ್ಟಿಗಾದರೆ ಸರಿ.

ತುಕ್ಕು ಹೆಚ್ಚು ತಿಂದಿರುವುದು ಯಾವಾಗಲೂ ತಳದಲ್ಲಿ. ಕಾರಣ ಸಣ್ಣದು: ಒಳಗಿನ ನೀರು ಹೊರಗೆ ಹೋಗುವ ಡ್ರೈನ್ ಕೊಳವೆಗೆ ಬಾಟಲಿ ಲೇಬಲ್ಲು, ಕಸ ಕಟ್ಟಿಕೊಂಡು ನೀರು ವರ್ಷಗಟ್ಟಲೆ ತಟ್ಟೆಯಲ್ಲೇ ನಿಂತಿರುತ್ತದೆ. ಆ ಕೊಳವೆ ಬಿಡಿಸದೆ ತಳಕ್ಕೆ ತೇಪೆ ಹಾಕಿದರೆ ಮತ್ತೆ ಅದೇ ಆಗುತ್ತದೆ. ತೂತು ಬಿದ್ದ ಜಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ತೂತಿನ ಮೇಲೆ ಪುಟ್ಟಿ ಮೆತ್ತಿದರೆ ಉಳಿಯುವುದಿಲ್ಲ. ವೆಲ್ಡ್ ಮಾಡುವ ಮುಂಚೆ ಹಿಂದಿನ ಇನ್ಸುಲೇಶನ್ ಸರಿಸಲೇಬೇಕು, ಕೆಲವು ಹೊತ್ತಿಕೊಳ್ಳುತ್ತವೆ. ಅದು ನೀರು ಕುಡಿದು ಮುದ್ದೆಯಾಗಿದ್ದರೆ ಬದಲಾಯಿಸಿ, ಒದ್ದೆ ಇನ್ಸುಲೇಶನ್ ಇದ್ದೂ ಇಲ್ಲದ ಹಾಗೆ. ಗಾಜಿನ ನಾರು ಚುಚ್ಚುತ್ತದೆ, ಕೈಗವಸು ಹಾಕಿ.

ಸಣ್ಣ ಕಬ್ಬಿಣದ ಭಾಗಗಳಿಗೆ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಇಟ್ಟು ಎಲೆಕ್ಟ್ರೊಲಿಸಿಸ್ ಮಾಡಬಹುದು. ಭಾಗ ನೆಗೆಟಿವ್‌ಗೆ, ಬೇಡದ ಕಬ್ಬಿಣದ ತುಂಡು ಪಾಸಿಟಿವ್‌ಗೆ. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಬಾರದು, ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ. ಹೈಡ್ರೋಜನ್ ಹೊರಬರುವುದರಿಂದ ಬಯಲಲ್ಲೇ ಮಾಡಿ. ಹಿಡಿಕೆಯಂಥ ಸತುವಿನ ಎರಕದ ಭಾಗಗಳನ್ನು ಇದಕ್ಕೆ ಹಾಕಬೇಡಿ.

ಬಣ್ಣ ಮತ್ತು ಅಕ್ಷರ

ಬರಿ ತಗಡಿಗೆ ಎಪಾಕ್ಸಿ ಪ್ರೈಮರ್, ತಗ್ಗಿಗೆ ತೆಳುವಾಗಿ ಪುಟ್ಟಿ, ಮೇಲೆ ದಪ್ಪ ಕೂರುವ ಪ್ರೈಮರ್. ಅದನ್ನು ಮರದ ಬ್ಲಾಕಿಗೆ ಸುತ್ತಿದ 320 ನಂಬರಿನ ಸ್ಯಾಂಡ್‌ಪೇಪರಿನಲ್ಲಿ, ಆಮೇಲೆ 600ರಲ್ಲಿ ನೀರು ಹಾಕಿ ಉಜ್ಜಿ. ಬೆರಳಿಂದ ಒತ್ತಿ ಉಜ್ಜಿದರೆ ಬೆರಳ ಗುರುತೇ ಹೊಳಪಿನಲ್ಲಿ ಅಲೆಅಲೆಯಾಗಿ ಕಾಣುತ್ತದೆ. ಕಾರಿಗೆ ಹೊಡೆಯುವ ಎರಡು ಭಾಗದ ಯುರೇಥೇನ್ ಬಣ್ಣ ಗಟ್ಟಿ ಮತ್ತು ಹೊಳಪು, ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಅನ್ನುವ, ಉಸಿರಿಗೆ ಅಪಾಯದ ರಾಸಾಯನಿಕ ಇದೆ, ಅದಕ್ಕೆ ಹೊರಗಿನ ಗಾಳಿ ಪೂರೈಸುವ ಮಾಸ್ಕ್ ಬೇಕು. ಅದು ನಿಮ್ಮಲ್ಲಿ ಇಲ್ಲದಿದ್ದರೆ ಬಣ್ಣದ ಹಂತ ಮಾತ್ರ ಕಾರ್ ಪೇಂಟ್ ಮಾಡುವವರಿಗೆ ಕೊಡಿ. ಉಳಿದ ಕೆಲಸ ನೀವೇ ಮಾಡಿದ್ದೀರಲ್ಲ, ಸಾಕು.

ಉಬ್ಬು ಅಕ್ಷರ ಇರುವ ಬಾಗಿಲಿಗೆ ಬ್ರಷ್ ಬೇಡ, ಮಾಸ್ಕಿಂಗ್ ಟೇಪೂ ಬೇಡ. ಕೆಂಪು ಪೂರ್ತಿ ಗಟ್ಟಿಯಾದ ಮೇಲೆ, ಬಾಗಿಲನ್ನು ಬಿಚ್ಚಿ ಮಲಗಿಸಿ. ಅಚ್ಚು ಹಾಕುವವರು ಬಳಸುವ ಗಟ್ಟಿ ರಬ್ಬರ್ ರೋಲರ್ ತನ್ನಿ. ಗಾಜಿನ ತುಂಡಿನ ಮೇಲೆ ಒಂದು ಚಮಚ ಬಿಳಿ ಎನಾಮೆಲ್ ಹಾಕಿ ರೋಲರ್ ಓಡಿಸಿ, ಬಣ್ಣ ಎಲ್ಲೂ ದಪ್ಪ ಇರದೆ ಸಮನಾಗಿ ಹರಡಿ ಸಣ್ಣಗೆ ಚರಚರ ಸದ್ದು ಬರುವವರೆಗೆ. ಈಗ ಅಕ್ಷರದ ಮೇಲೆ ಭಾರ ಹಾಕದೆ ಒಂದೇ ದಿಕ್ಕಿಗೆ ಉರುಳಿಸಿ. ಉಬ್ಬಿದ ಮೇಲ್ಮೈಗೆ ಮಾತ್ರ ಬಿಳಿ ಹತ್ತುತ್ತದೆ, ಅಂಚು ತಾನಾಗಿಯೇ ಚೂಪಾಗಿ ಬರುತ್ತದೆ. ಮೊದಲ ಸಲ ಗುಲಾಬಿ ಛಾಯೆ ಕಾಣುತ್ತದೆ, ಅಲ್ಲೇ ದಪ್ಪ ಮಾಡಲು ಹೋಗಬೇಡಿ. ಒಣಗಲು ಬಿಟ್ಟು ಎರಡನೇ ಪದರ, ಬೇಕಾದರೆ ಮೂರನೆಯದು. ಎಲ್ಲಾದರೂ ಕೆಳಗೆ ಜಾರಿದರೆ, ಗಟ್ಟಿ ಕಾರ್ಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ, ಮಿನರಲ್ ಸ್ಪಿರಿಟ್ ಸ್ವಲ್ಪವೇ ತಾಗಿಸಿ ಒರೆಸಿ. ಕೆಂಪು ಗಟ್ಟಿಯಾಗಿದ್ದರೆ ಅದಕ್ಕೇನೂ ಆಗುವುದಿಲ್ಲ.

ಕ್ರೋಮ್ ಹಿಡಿಕೆಯಲ್ಲಿ ಗುಳಿ ಬಿದ್ದಿದ್ದರೆ ಸತುವಿನ ಎರಕದ ಮೇಲೆ ಮತ್ತೆ ಪ್ಲೇಟಿಂಗ್ ಮಾಡಿಸುವುದು ದುಬಾರಿ, ಎಲ್ಲರೂ ಒಪ್ಪುವುದೂ ಇಲ್ಲ. ಹೊಸ ಹಿಡಿಕೆ ಸಿಗುವ ಮಾಡೆಲ್ ಆದರೆ ಅದನ್ನೇ ತರಿಸಿ. ಸ್ಟೇನ್‌ಲೆಸ್ ಪಟ್ಟಿಗಳು ಪಾಲಿಶ್‌ಗೆ ಬೇಗ ಬಗ್ಗುತ್ತವೆ.

ಜೋಡಿಸಿ, ತುಂಬಿಸಿ

ಬಾಗಿಲ ಗ್ಯಾಸ್ಕೆಟ್ ಹೊಸದು ಹಾಕಿ, ಹಳೆಯದು ಚೆನ್ನಾಗಿ ಕಂಡರೂ ಗಟ್ಟಿಯಾಗಿರುತ್ತದೆ. ಕಾಗದದ ತುಂಡೊಂದನ್ನು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸುತ್ತಲೂ ಹತ್ತಾರು ಕಡೆ ಹೀಗೆ ನೋಡಿ, ಸಲೀಸಾಗಿ ಜಾರಿ ಬಂದ ಕಡೆ ತಂಪು ಸೋರುತ್ತದೆ, ಹಿಂಜು ಹೊಂದಿಸಬೇಕು.

ಮಷಿನ್ ಹಿಂದೆ ಗಾಳಿ ಆಡಲು ಒಂದು ಅಂಗೈ ಜಾಗ ಬಿಟ್ಟು ನಿಲ್ಲಿಸಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ರಾತ್ರಿ ಬಿಡಿ, ಗಾಳಿಯ ಉಷ್ಣತೆ ಆಗಾಗ ಏರಿಳಿಯುತ್ತದೆ, ನೀರಿನದು ನಂಬಬಹುದು. 2ರಿಂದ 4 ಡಿಗ್ರಿ ಸೆಲ್ಸಿಯಸ್ ಸಿಕ್ಕಿದರೆ ಸಾಕು. ಸೊನ್ನೆಗಿಂತ ಕೆಳಗೆ ಹೋಗುತ್ತಿದ್ದರೆ ಥರ್ಮೋಸ್ಟ್ಯಾಟ್ ಅಂಟಿಕೊಂಡಿದೆ, ಬಾಟಲಿ ತುಂಬಿಸಬೇಡಿ, ಗಾಜು ಒಡೆದು ನೀವು ಶುದ್ಧ ಮಾಡಿದ ಯಂತ್ರವೆಲ್ಲ ಮತ್ತೆ ಅಂಟಂಟಾಗುತ್ತದೆ. ಮೊದಲ ಸಲ ಒಂದು ಸಾಲು ಮಾತ್ರ ತುಂಬಿಸಿ, ನಾಣ್ಯ ಹಾಕಿ ಒಂದೊಂದಾಗಿ ಎಲ್ಲ ತೆಗೆದು ನೋಡಿ, ಆಮೇಲೆ ಉಳಿದದ್ದು.

ಬೀಗಕ್ಕೆ ಎರಡು ಕೀ ಮಾಡಿಸಿ. ಎರಡನ್ನೂ ನಾಣ್ಯದ ಡಬ್ಬದಲ್ಲಿಟ್ಟು ಬಾಗಿಲು ಹಾಕಬೇಡಿ.